ಗ್ರಹದ ಕತ್ತಲೆಯ ಬದಿಯನ್ನು ಅಳಿಸಬೇಡಿ

ಪುಸ್ತಕ, ನಿಯತಕಾಲಿಕ ಮತ್ತು ವಿಜ್ಞಾನ ವಸ್ತುಪ್ರದರ್ಶನಗಳಿಗಾಗಿ ಫೋಟೊಶಾಪ್‌ನಲ್ಲಿ ಗ್ರಹ, ಉಪಗ್ರಹಗಳ ಚಿತ್ರ ತಯಾರಿಸಿಕೊಡುವುದು ನನ್ನ ವೃತ್ತಿಯ ಒಂದು ಭಾಗ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ಮೇಲೆ ಇಳಿದ ನಂತರವಂತೂ ಇಂಥ ಚಿತ್ರ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಅದು ಸಂತೋಷದ ವಿಷಯವೇ. ಆದರೆ ಕರಡು ಕಳುಹಿಸಿದ ಮೇಲೆ ಬಹುತೇಕ ಎಲ್ಲರ ಬಾಯಿಂದಲೂ ಬರುವ ಮಾತು ಒಂದೇ: "ಸಾರ್, ತುಂಬಾ ಚೆನ್ನಾಗಿದೆ, ಆದರೆ ಒಂದು ಕಡೆ ಪೂರ್ತಿ ಕಪ್ಪಾಗಿಬಿಟ್ಟಿದೆ, ಅಲ್ಲೂ ಸ್ವಲ್ಪ ಬ್ರೈಟ್ ಮಾಡಿಕೊಡಿ." ಮಕ್ಕಳ ಪುಸ್ತಕಗಳ ಬಗ್ಗೆ ನಿಜವಾದ ಕಾಳಜಿಯುಳ್ಳ ಹಿರಿಯ ಪ್ರಕಾಶಕರೊಬ್ಬರು, "ಇಡೀ ಗ್ರಹಕ್ಕೆ ದುಡ್ಡು ಕೊಟ್ಟು ಅರ್ಧ ಗ್ರಹ ಅಚ್ಚು ಹಾಕಿಸಬೇಕೇನಪ್ಪಾ?" ಎಂದೇ ಕೇಳಿದ್ದರು.

ಇವರೆಲ್ಲ ಮಾದರಿಯೆಂದು ತೋರಿಸುವುದು ಹೆಚ್ಚಾಗಿ 1972ರ ಡಿಸೆಂಬರ್ 7ರಂದು ಅಪೊಲೊ 17ರ ಯಾತ್ರಿಗಳು ತೆಗೆದ, 'ಬ್ಲೂ ಮಾರ್ಬಲ್' ಎಂದು ಹೆಸರಾದ ಭೂಮಿಯ ಚಿತ್ರವನ್ನು. ಆ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ ನೌಕೆಯ ಬೆನ್ನಿಗಿದ್ದುದರಿಂದ ಭೂಮಿ ಪೂರ್ತಿ ಬೆಳಗಿ ಕಂಡಿತು. ಅದಕ್ಕೆ ನಾಲ್ಕು ವರ್ಷ ಮೊದಲು, 1968ರ ಡಿಸೆಂಬರ್ 24ರಂದು, ಅಪೊಲೊ 8ರಿಂದ ಬಿಲ್ ಆ್ಯಂಡರ್ಸ್ ತೆಗೆದ ಭೂಮಿ ಉದಯಿಸುವ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಅದರಲ್ಲಿ ಭೂಮಿಯ ಒಂದು ಪಾಲು ಆಕಾಶದ ಕಪ್ಪಿನಲ್ಲಿ ಎಲ್ಲೆಯೇ ತಿಳಿಯದಂತೆ ಕರಗಿಹೋಗಿದೆ, ಆದರೂ ಭೂಮಿ ತುಂಡಾಗಿದೆಯೆಂದು ಯಾರಿಗೂ ಅನ್ನಿಸುವುದಿಲ್ಲ. ಉಳಿದ ಗೋಳವನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ವೃತ್ತ ಎಳೆಯುವುದು, ಅದರೊಳಗೆ ಮೇಲ್ಮೈಯ ಚಿತ್ರ ಕೂರಿಸುವುದು, ಸ್ಫೆರೈಸ್ ಫಿಲ್ಟರ್‌ನಿಂದ ಉಬ್ಬಿಸುವುದು, ಇವನ್ನೆಲ್ಲ ಯಾವ ಟ್ಯುಟೋರಿಯಲ್ ಆದರೂ ಹೇಳಿಕೊಡುತ್ತದೆ. ಅವು ಒತ್ತಿ ಹೇಳದ ಸಂಗತಿಯೆಂದರೆ, ನಮ್ಮ ಸೌರಮಂಡಲದಲ್ಲಿ ದೀಪ ಇರುವುದು ಒಂದೇ, ಚಿತ್ರದಲ್ಲಿ ಇರುವುದೆಲ್ಲವೂ ಆ ಒಂದು ದೀಪಕ್ಕೆ ಲೆಕ್ಕ ಒಪ್ಪಿಸಬೇಕು. ಆದ್ದರಿಂದ ಮೊದಲು ಕ್ಯಾನ್ವಾಸ್‌ನ ಹೊರಗೆ ಸೂರ್ಯ ಎಲ್ಲಿದ್ದಾನೆಂದು ನಿರ್ಧರಿಸಿ, ಒಂದು ಲೇಯರ್‌ನಲ್ಲಿ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಪದರದಲ್ಲಿ) ಆ ದಿಕ್ಕಿಗೆ ಬಾಣದ ಗುರುತು ಹಾಕಿ, ಕೆಲಸ ಮುಗಿಯುವವರೆಗೂ ಅದನ್ನು ಅಳಿಸದೆ ಇಟ್ಟುಕೊಳ್ಳಬೇಕು. ಗೋಳದ ಮೇಲೆ ಸೂರ್ಯ ನೆತ್ತಿಗಿರುವ ಬಿಂದುವಿನಲ್ಲಿ ಬೆಳಕು ನೂರು ಪಾಲು ಇದ್ದರೆ, ಅಲ್ಲಿಂದ 60 ಡಿಗ್ರಿ ಸರಿದಲ್ಲಿ ಐವತ್ತು, 80 ಡಿಗ್ರಿಯಲ್ಲಿ ಸುಮಾರು ಹದಿನೇಳು, 90ರಲ್ಲಿ ಸೊನ್ನೆ. ಇಲ್ಲಿ ಇನ್ನೊಂದು ತೊಡಕಿದೆ. ಕಪ್ಪಿಗೆ 0, ಬಿಳಿಗೆ 255 ಎಂದು ಎಣಿಸುವ ಪರದೆಯ ಮೇಲೆ ಅರ್ಧ ಬೆಳಕು ಎಂದರೆ 128 ಅಲ್ಲ, ಸುಮಾರು 188. ಹದಿನೇಳು ಪಾಲು ಬೆಳಕೂ 115ರ ಆಸುಪಾಸಿನಲ್ಲಿ ಬರುತ್ತದೆ. ಎಂದರೆ ಗ್ರಹ ಬಹುದೂರದವರೆಗೆ ಬೆಳಕನ್ನು ಹಿಡಿದಿಟ್ಟುಕೊಂಡು, ಹಗಲು ಮುಗಿಯುವ ಗೆರೆಯ ಬಳಿ ಬಂದಾಗ ಬೇಗನೆ ಕತ್ತಲಾಗುತ್ತದೆ. ನಡುವಿನಿಂದ ಅಂಚಿನವರೆಗೆ ಸುತ್ತಲೂ ಒಂದೇ ಸಮನೆ ಮಸುಕಾಗುವ ರೇಡಿಯಲ್ ಗ್ರೇಡಿಯೆಂಟ್ ಬಳಸಿದ ಚಿತ್ರಗಳು ಗುಂಡಿಯಂತೆಯೋ ಬಲ್ಬಿನಂತೆಯೋ ಕಾಣಲು ಇದೇ ಕಾರಣ.

ನನ್ನಲ್ಲಿ ಕೆಲಸ ಕಲಿಯಲು ಬಂದಿದ್ದ, ಕೈ ತುಂಬ ಚುರುಕಾಗಿದ್ದ ಹುಡುಗನೊಬ್ಬ ಒಮ್ಮೆ ಅಂತರ್ಜಾಲದಿಂದ ಚಂದ್ರನ ನೆಲದ ಒಳ್ಳೆಯ ಛಾಯಾಚಿತ್ರಗಳನ್ನು ತಂದು, ಅಂಟುಗೆರೆ ಕಾಣದಂತೆ ಜೋಡಿಸಿ, ಅಚ್ಚುಕಟ್ಟಾಗಿ ಗೋಳ ಮಾಡಿದ್ದ. ರಚನೆಗೆ ಹೊಂದಲಿಲ್ಲವೆಂದು ಆ ಗೋಳವನ್ನು 180 ಡಿಗ್ರಿ ತಿರುಗಿಸಿದ ಮೇಲೆ ನನ್ನನ್ನು ಕರೆದು, "ಸಾರ್, ಗುಂಡಿಗಳೆಲ್ಲ ಹೋಗಿ ಗುಡ್ಡ ಆಗಿಬಿಟ್ಟಿವೆ" ಎಂದ. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಮಿದುಳು ನಂಬಿಕೊಂಡಿದೆ. ಕುಳಿಯ ಮೇಲಂಚಿನ ಕೆಳಗೆ ನೆರಳಿದ್ದರೆ ಅದನ್ನು ತಗ್ಗೆಂದು ಓದುತ್ತದೆ. ಚಿತ್ರ ತಿರುಗಿಸಿ ನೆರಳು ಕೆಳಕ್ಕೆ ಬಂದರೆ ಅದೇ ಕುಳಿಯನ್ನು ದಿಬ್ಬವೆಂದು ಓದುತ್ತದೆ. ಹುಡುಗ ತಂದ ಪ್ರತಿ ಛಾಯಾಚಿತ್ರದಲ್ಲೂ ಅದು ತೆಗೆದ ಹೊತ್ತಿನ ಬಿಸಿಲು, ನೆರಳು ಮೊದಲೇ ಅಚ್ಚಾಗಿದ್ದವು. ಅದರ ಮೇಲೆ ಅವನು ಎಡಗಡೆಯಿಂದ ತನ್ನದೊಂದು ಬಿಸಿಲು ಹಾಯಿಸಿದ್ದ. ಗ್ರಹಕ್ಕೆ ಬೇಕಾದದ್ದು ನೆರಳಿಲ್ಲದ, ಕೇವಲ ಮೇಲ್ಮೈಯ ಬಣ್ಣವನ್ನು ತೋರಿಸುವ ನಕ್ಷೆ. ನಾಸಾ 2009ರಲ್ಲಿ ಹಾರಿಸಿದ ಲೂನಾರ್ ರೆಕನೈಸನ್ಸ್ ಆರ್ಬಿಟರ್‌ನ ಮಾಹಿತಿಯಿಂದ ಮಾಡಿದ ಇಂಥ ಬಣ್ಣದ ನಕ್ಷೆಯೂ, ಜೊತೆಗೆ ನೆಲದ ಎತ್ತರ-ತಗ್ಗಿನ ನಕ್ಷೆಯೂ ಉಚಿತವಾಗಿಯೇ ಸಿಗುತ್ತವೆ. ಕುಳಿಗಳ ನೆರಳನ್ನು ಎತ್ತರದ ನಕ್ಷೆಯಿಂದ, ನಮ್ಮ ಬಾಣದ ದಿಕ್ಕಿಗೆ ತಕ್ಕಂತೆ ನಾವೇ ಹುಟ್ಟಿಸಬೇಕು. ಅವು ಹಗಲು-ಇರುಳಿನ ಗೆರೆಯ ಹತ್ತಿರ ಉದ್ದವಾಗಿರಬೇಕು, ಸೂರ್ಯ ನೆತ್ತಿಗಿರುವಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟಿರಬೇಕು.

ಯುಗಾದಿ ಹತ್ತಿರ ಬಂದಾಗ ಇದೇ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ. ಹಬ್ಬದ ಮರುದಿನದ ಚಂದ್ರದರ್ಶನಕ್ಕೆಂದು ಶುಭಾಶಯ ಪತ್ರ ಮಾಡುವವರು ಒಂದು ವೃತ್ತದಿಂದ ಇನ್ನೊಂದು ವೃತ್ತವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಚಂದ್ರನೆನ್ನುತ್ತಾರೆ. ಕೆಲವರು ಎರಡು ಕೋಡುಗಳ ನಡುವೆ ನಕ್ಷತ್ರವನ್ನೂ ಕೂರಿಸುತ್ತಾರೆ. ಚಂದ್ರನ ಕತ್ತಲೆಯ ಮೈ ಅಲ್ಲೇ ಅಡ್ಡ ನಿಂತಿರುವಾಗ ಅದರ ಹಿಂದಿನ ನಕ್ಷತ್ರ ಕಾಣುವುದು ಹೇಗೆ? ಗೋಳದ ಮೇಲೆ ಹಗಲು-ಇರುಳಿನ ಗೆರೆ ಬದಿಯಿಂದ ಕಾಣುವುದು ಅರ್ಧ ದೀರ್ಘವೃತ್ತವಾಗಿ. ಅದರ ಉದ್ದ ಚಂದ್ರನ ಪೂರ್ತಿ ವ್ಯಾಸದಷ್ಟೇ ಇರುವುದರಿಂದ ಕೋಡುಗಳು ವ್ಯಾಸದ ಎರಡು ತುದಿಗಳಲ್ಲಿ ನಿಲ್ಲುತ್ತವೆ, ಅದನ್ನು ದಾಟಿ ಸುತ್ತಿಕೊಳ್ಳುವುದಿಲ್ಲ. ಇನ್ನು ಯುಗಾದಿಯ ಕಾಲದಲ್ಲಿ ನಮ್ಮ ಅಕ್ಷಾಂಶದ ಸಂಜೆಯಾಕಾಶದಲ್ಲಿ ಮುಳುಗಿದ ಸೂರ್ಯ ಚಂದ್ರನ ಹೆಚ್ಚುಕಡಿಮೆ ನೇರ ಕೆಳಗಿರುತ್ತಾನಾದ್ದರಿಂದ ಎಳೆಚಂದ್ರ ಅಂಗಾತ ಮಲಗಿ ಕೋಡುಗಳನ್ನು ಮೇಲಕ್ಕೆ ಚಾಚಿರುತ್ತಾನೆ. ಪತ್ರಗಳಲ್ಲಿ ನೆಟ್ಟಗೆ ನಿಂತಿರುವ ಚಂದ್ರ ಯಾವ ಊರಿನವನೋ ತಿಳಿಯದು. ಮಲಗಿದ ಎಳೆಚಂದ್ರನ ಕತ್ತಲೆಯ ಪಾಲು ಮಾತ್ರ ಕಂಡೂ ಕಾಣದಂತೆ ಬೂದಿಬಣ್ಣದಲ್ಲಿ ತೋರಬಹುದು, ಏಕೆಂದರೆ ಭೂಮಿಯ ಮೇಲೆ ಬಿದ್ದ ಬಿಸಿಲು ಪ್ರತಿಫಲಿಸಿ ಅಲ್ಲಿಗೆ ತಲುಪುತ್ತದೆ. "ಸ್ವಲ್ಪ ಬ್ರೈಟ್ ಮಾಡಿ" ಎನ್ನುವವರಿಗೆ ನಾನು ನ್ಯಾಯವಾಗಿ ಕೊಡಬಲ್ಲ ರಿಯಾಯಿತಿ ಅದೊಂದೇ.

ಔಟರ್ ಗ್ಲೋ, ಅಂದರೆ ಆಕೃತಿಯ ಸುತ್ತ ಬೆಳಕಿನ ಅಂಚು ತಾನಾಗಿ ಮೂಡಿಸುವ ಫೋಟೊಶಾಪ್‌ನ ಲೇಯರ್ ಸ್ಟೈಲ್, ಅದರ ವಿಷಯದಲ್ಲಿ ನನ್ನ ತಾಳ್ಮೆ ಇನ್ನೂ ಕಡಿಮೆ. ಗ್ರಹದ ಸುತ್ತ ದೇವರ ಪ್ರಭಾವಳಿಯಂತೆ ನೀಲಿ ಬೆಳಕು ಬರೆದರೆ ವಾತಾವರಣ ಆಗುವುದಿಲ್ಲ. ಭೂಮಿಯ ವ್ಯಾಸ 12,742 ಕಿ.ಮೀ. ಅದನ್ನು ಸಾವಿರ ಪಿಕ್ಸೆಲ್ ಅಗಲಕ್ಕೆ ಬರೆದರೆ, ಬಾಹ್ಯಾಕಾಶದ ಗಡಿಯೆಂದು ರೂಢಿಯಲ್ಲಿ ಎಣಿಸುವ 100 ಕಿ.ಮೀ. ಎತ್ತರಕ್ಕೆ ಸಿಗುವುದು ಬರೀ ಎಂಟು ಪಿಕ್ಸೆಲ್. ಎವರೆಸ್ಟ್ ಒಂದು ಪಿಕ್ಸೆಲನ್ನೂ ತುಂಬುವುದಿಲ್ಲ. ಆ ಎಂಟರಲ್ಲೂ ಕೆಳಗಿನ ಒಂದೆರಡು ಮಾತ್ರ ಚೆನ್ನಾಗಿ ಬೆಳಗಬೇಕು, ಅದೂ ಬಾಣದ ಕಡೆಗೆ ಮಾತ್ರ; ಇರುಳಿನ ಅಂಚಿನಲ್ಲಿ ಗಾಳಿಯಿದ್ದರೂ ಅದನ್ನು ಬೆಳಗಿಸಲು ಬಿಸಿಲಿಲ್ಲ. ಲೇಯರ್ ಸ್ಟೈಲ್ ಇದನ್ನು ತಾನಾಗಿ ತಿಳಿಯುವುದಿಲ್ಲವಾದ್ದರಿಂದ ಗ್ಲೋವನ್ನು ಬೇರೆ ಲೇಯರ್‌ಗೆ ತೆಗೆದು, ಬೇಡದ ಭಾಗವನ್ನು ಮರೆಮಾಡುವ ಮಾಸ್ಕ್ ಹಾಕಿ ಒರೆಸಬೇಕು. ಚಂದ್ರನಿಗೆ ಇದರ ಹಂಗೇ ಬೇಡ, ಅವನ ಅಂಚು ಬ್ಲೇಡಿನಿಂದ ಕೊಯ್ದಷ್ಟು ಚೂಪಾಗಿರಲಿ.

ಮೇಲೆ ಕೊಟ್ಟ 60 ಡಿಗ್ರಿಯ ಲೆಕ್ಕಕ್ಕೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಹುಣ್ಣಿಮೆಯ ಚಂದ್ರನಿಗೆ ಅದು ಹೊಂದುವುದಿಲ್ಲ. ಅವನ ಮೇಲಿನ ಪುಡಿಮಣ್ಣು ಬೆಳಕನ್ನು ಬಂದ ದಿಕ್ಕಿಗೇ ಹೆಚ್ಚಾಗಿ ಹಿಂದಿರುಗಿಸುತ್ತದೆ; ಹಾಗಾಗಿ ಅಂಚು ನಡುಭಾಗದಷ್ಟೇ ಬೆಳ್ಳಗಿದ್ದು ಚಂದ್ರ ತಟ್ಟೆಯಂತೆ ಚಪ್ಪಟೆ ಕಾಣುತ್ತಾನೆ. ಅರ್ಧಚಂದ್ರ ಹುಣ್ಣಿಮೆಯ ಅರ್ಧದಷ್ಟಲ್ಲ, ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿ ಬೆಳಗುವುದಕ್ಕೂ ಈ ಮಣ್ಣಿನ ಗುಣ, ಉದ್ದ ನೆರಳುಗಳು ಎರಡೂ ಕಾರಣ. ಹುಣ್ಣಿಮೆಯ ಚಂದ್ರನನ್ನು ಗುಂಡಗೆ ಮಾಡಲೆಂದು ಅಂಚಿಗೆ ಕಪ್ಪು ಬಳಿಯುವುದು ಬೇಡ.

ಇಷ್ಟರ ಮೇಲೂ ನಾನು ರಾಜಿಯಾಗುವ ಒಂದು ಸಂದರ್ಭವುಂಟು. ಸುದ್ದಿಪತ್ರಿಕೆಯ ಕಾಗದ ಶಾಯಿ ಹೀರಿಕೊಂಡು ಚುಕ್ಕಿಗಳು ಹಿಗ್ಗುವುದರಿಂದ, ಪರದೆಯ ಮೇಲೆ ಬೇರೆಬೇರೆಯಾಗಿ ಕಂಡ ಗಾಢ ಬೂದಿಬಣ್ಣಗಳು ಅಚ್ಚಿನಲ್ಲಿ ಒಂದೇ ಮಸಿಯಾಗಿಬಿಡುತ್ತವೆ. ಅಂಥ ಕೆಲಸಕ್ಕೆ ಹಗಲು-ಇರುಳಿನ ಗೆರೆಯ ಸುತ್ತಲಿನ ಛಾಯೆಗಳನ್ನು ಕರ್ವ್ಸ್‌ನಲ್ಲಿ (ಬೆಳಕು-ಕತ್ತಲೆಯ ಮಟ್ಟ ಹೊಂದಿಸುವ ಸಾಧನದಲ್ಲಿ) ತುಸು ಮೇಲಕ್ಕೆತ್ತುತ್ತೇನೆ, ಇರುಳಿನ ಬದಿಯನ್ನು ಮುಟ್ಟುವುದಿಲ್ಲ. ಎಷ್ಟು ಎತ್ತಬೇಕೆಂಬುದು ಒಂದೊಂದು ಪ್ರೆಸ್‌ನಲ್ಲಿ ಒಂದೊಂದು ರೀತಿ ಇರುತ್ತದೆಯಾದ್ದರಿಂದ ನನ್ನ ಅಂಕಿ ನಿಮ್ಮ ಉಪಯೋಗಕ್ಕೆ ಬರಲಾರದು. ಅದೇ ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ, ಟ್ಯೂಬ್‌ಲೈಟಿನ ಕೆಳಗಲ್ಲ, ಹಗಲು ಬೆಳಕಿನಲ್ಲಿ ನೋಡಿ ತೀರ್ಮಾನಿಸಿ.