ಬೋರ್ಡ್ ಬಂದರೆ ಸಾಲದು, ಸಹಿಯೂ ಬರಬೇಕು

'ಬೆಂಗಳೂರಿನ ಆ ಸರ್ಕಾರಿ ಕಚೇರಿ ನಮ್ಮ ರಾಯಚೂರಿಗೆ ಬರಲಿ, ಒಂದು ಮನವಿ ಬರೆದುಕೊಡಿ' ಅಂತ ಸಂಘದವರು ಆಗಾಗ ಬರುತ್ತಾರೆ. ಖುಷಿಯಿಂದ ಬರೆದುಕೊಡುತ್ತೇನೆ. ಆದರೆ ಮೊದಲು ಕೇಳುತ್ತೇನೆ: ಕೊನೆಯ ಸಹಿ ಹಾಕುವವರೂ ಬರುತ್ತಾರಾ?

ಇದನ್ನು ಕಲಿತದ್ದು ಹೈಕೋರ್ಟ್ ಕೆಲಸದಲ್ಲಿ. 2008ಕ್ಕೆ ಮುಂಚೆ ಇಲ್ಲಿಯ ಭೂಪರಿಹಾರದ ಮೇಲ್ಮನವಿಗೂ ಬೆಂಗಳೂರೇ ಗತಿ. ಮಾನ್ವಿ ಕಡೆಯ ಹಿರಿಯರೊಬ್ಬರು ಪಹಣಿ, ಅವಾರ್ಡ್ (ಪರಿಹಾರದ ಆದೇಶ) ನಕಲು ಎಲ್ಲವನ್ನೂ ಗೊಬ್ಬರದ ಚೀಲದಲ್ಲಿ ಸುತ್ತಿ ತರುತ್ತಿದ್ದರು. ರಾತ್ರಿ ರೈಲು, ಲಾಡ್ಜು, ಕೋರ್ಟ್ ಹಾಲ್ ಹುಡುಕಾಟ. ಅಷ್ಟೆಲ್ಲ ಮಾಡಿದರೂ ಎಷ್ಟೋ ಸಲ ಸಿಗುತ್ತಿದ್ದದ್ದು ಮುಂದಿನ ತಾರೀಕು. "ಮತ್ತ ಬೆಂಗಳೂರಿಗೇ ಬರಬೇಕೇನ್ರಿ ವಕೀಲರ?" ಅಂತ ಚೀಲ ಕಟ್ಟುತ್ತಾ ಕೇಳಿದರೆ ನನಗೆ ಮಾತೇ ಹೊರಡುತ್ತಿರಲಿಲ್ಲ.

2008ರ ಜುಲೈನಲ್ಲಿ ಧಾರವಾಡ, ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಶುರುವಾದವು. 2013ರಲ್ಲಿ ಕಾಯಂ ಆದವು. ಬಳ್ಳಾರಿ, ಕೊಪ್ಪಳಕ್ಕೆ ಧಾರವಾಡ, ನಮಗೆ ಕಲಬುರಗಿ. ಅಲ್ಲೇ ಫೈಲಿಂಗ್, ಅಲ್ಲೇ ವಿಚಾರಣೆ, ಆದೇಶದ ನಕಲೂ ಅಲ್ಲೇ. ಬೆಳಿಗ್ಗೆ ಬಸ್ಸು ಹತ್ತಿದವರು ರಾತ್ರಿ ಮನೆಯಲ್ಲಿ ಉಣ್ಣಬಹುದು. ಬೆಂಗಳೂರಿನ ಒಪ್ಪಿಗೆಗೆ ಕಾಯುವ ಮಾತೇ ಇಲ್ಲ. ಇದು ನಿಜವಾದ ಸ್ಥಳಾಂತರ.

ಆದರೆ ಅಧಿಕಾರದ ಜೊತೆ ಕೆಲಸ ಬಲ್ಲವರೂ ಬರಬೇಕಲ್ವಾ? ಅಮೆರಿಕದ ಸರ್ಕಾರಿ ಜಮೀನು ನೋಡಿಕೊಳ್ಳುವ ಬ್ಯೂರೋದ ಕಥೆ ಕೇಳಿ. ಅದರ ಜಮೀನು ಬಹುಪಾಲು ಪಶ್ಚಿಮದ ರಾಜ್ಯಗಳಲ್ಲೇ ಇದೆ. ಹಾಗಾಗಿ 2019ರಲ್ಲಿ ಮುಖ್ಯ ಕಚೇರಿಯನ್ನು ವಾಷಿಂಗ್ಟನ್‌ನಿಂದ ಕೊಲರಾಡೋದ ಗ್ರ್ಯಾಂಡ್ ಜಂಕ್ಷನ್‌ಗೆ ಕಳಿಸುವ ತೀರ್ಮಾನವಾಯಿತು. ಕಾರಣ ಸರಿಯಾಗೇ ಇತ್ತು. ಆದರೆ ಪಶ್ಚಿಮಕ್ಕೆ ಹೋಗಬೇಕಿದ್ದ 328 ಹುದ್ದೆಗಳಲ್ಲಿ 287 ಮಂದಿ ನಿವೃತ್ತಿ ಪಡೆದರು, ಇಲ್ಲವೇ ಬೇರೆ ಕೆಲಸ ಹಿಡಿದರು. ಉಳಿದವರಲ್ಲಿ ಗ್ರ್ಯಾಂಡ್ ಜಂಕ್ಷನ್‌ಗೆ ಹೋದವರು ಬರೀ 3 ಜನ. 2021ರಲ್ಲಿ ಮುಖ್ಯ ಕಚೇರಿಯನ್ನು ಮತ್ತೆ ವಾಷಿಂಗ್ಟನ್‌ಗೇ ತರುವುದಾಗಿ ಸರ್ಕಾರ ಹೇಳಿತು. ಅಷ್ಟರಲ್ಲಿ ಹಳಬರ ಅನುಭವ ಕೈತಪ್ಪಿ ಹೋಗಿತ್ತು.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಒಂದು ಅನುಕೂಲವಿದೆ. ಸಂವಿಧಾನದ 371(ಜೆ) ಕಲಂ ಪ್ರಕಾರ ಇಲ್ಲಿಯ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಇದೆ. ಊರಲ್ಲೇ ಮನೆ ಇರುವ ಹುಡುಗರು ವರ್ಗಾವಣೆಗೆ ಓಡಾಡುವುದು ಕಡಿಮೆ. ಆದರೆ ಹಳಬರ ಕೈಕೆಳಗೆ ಅವರು ಕೆಲಸ ಕಲಿಯಬೇಕು. ಅದಕ್ಕೆ ಒಂದೆರಡು ವರ್ಷವಾದರೂ ಬೇಕು.

ಹಾಗಾಗಿ ಮನವಿಯಲ್ಲಿ ಕಟ್ಟಡದ ಮಾತನ್ನು ಕೊನೆಗೆ ಇಡುತ್ತೇನೆ. ಮೊದಲ ಸಾಲು ಹೀಗಿರುತ್ತದೆ: 'ಮಂಜೂರಾತಿ ಅಧಿಕಾರವಿರುವ ಅಧಿಕಾರಿ ರಾಯಚೂರಿನಲ್ಲೇ ಕೂರಬೇಕು, ಕಡತ ಬೆಂಗಳೂರಿಗೆ ಹೋಗಬಾರದು.'