ಡೆಕ್ಕಿಗೆ ತೂತು ಕೊರೆಯುವ ಮುಂಚೆ ಹಾಯಿ ಏರಿಸಿ ನೋಡಿ

ಕಳೆದ ವಸಂತದಲ್ಲಿ ಲಿಮಿಂಗ್ಟನ್ ನದಿಯಲ್ಲಿ ಕಟ್ಟಿದ್ದ ಒಂದು ಕಾಂಟೆಸ್ಸಾ 26 ದೋಣಿಯ ಮಾಲೀಕರು ನನ್ನ ಕೈಗೆ ಹಾಯಿಯ ಹಗ್ಗವನ್ನು ಹಿಡಿದಿಡಲು ಡೆಕ್ (ದೋಣಿಯ ಮೇಲ್ಹಾಸು) ಮೇಲೆ ಕೂರಿಸುವ ಎರಡು ಹೊಸ ಅಲ್ಯುಮಿನಿಯಂ ಟ್ರ್ಯಾಕ್, ಅಂದರೆ ಹಳಿ, ಕೊಟ್ಟು, "ಹಳೆಯದು ಎಲ್ಲಿತ್ತೋ ಅಲ್ಲೇ ಕೂರಿಸಿಬಿಡಿ, ಅರ್ಧ ದಿನದ ಕೆಲಸ" ಅಂದರು. ಹಳೆಯ ಟ್ರ್ಯಾಕ್ ಇದ್ದದ್ದು ಕೂವೆಮರವನ್ನು (ಹಾಯಿಕಂಬ) ದಾಟಿ ಬಹಳ ಹಿಂದಕ್ಕೆ ಚಾಚುತ್ತಿದ್ದ ಜೆನೋವಾ ಎಂಬ ದೊಡ್ಡ ಮುಂಹಾಯಿಗೆ. ಅವರು ಈಗ ಹೊಲಿಸಿಕೊಂಡಿರುವುದು ಮುಂದಂಚಿನಲ್ಲಿ ತಿರುಗುವ ಫರ್ಲರ್ ಎಂಬ ಸಾಧನಕ್ಕೆ ಸುತ್ತಿಕೊಳ್ಳುವ, ಅದಕ್ಕಿಂತ ಎಷ್ಟೋ ಚಿಕ್ಕ ಮುಂಹಾಯಿ. ಹಾಯಿಯೇ ಬದಲಾದ ಮೇಲೆ ಅದನ್ನು ಎಳೆಯುವ ಜಾಗ ಹಳೆಯದೇ ಇರಲು ಹೇಗೆ ಸಾಧ್ಯ? ಇಂಗ್ಲೆಂಡಿನ ಈ ದಕ್ಷಿಣ ಕರಾವಳಿಯಲ್ಲಿ ರಿಗ್ಗರ್, ಅಂದರೆ ಹಾಯಿದೋಣಿಗೆ ಹಗ್ಗ-ತಂತಿ ಜೋಡಿಸುವ, ಕೆಲಸ ಮಾಡುತ್ತಾ ನಾನು ಅತಿ ಹೆಚ್ಚು ಸಲ ಸರಿಪಡಿಸಿರುವ ತಪ್ಪು ಇದೇ. ಟ್ರ್ಯಾಕ್ ಚೆನ್ನಾಗಿರುತ್ತದೆ, ಬೋಲ್ಟು ಗಟ್ಟಿಯಾಗಿರುತ್ತದೆ, ಜಾಗ ಮಾತ್ರ ತಪ್ಪಿರುತ್ತದೆ.

ಹೊಸಬರಿಗೆ ಒಂದು ಮಾತು. ಹಾಯಿದೋಣಿಯಲ್ಲಿ ಶೀಟ್ ಅಂದರೆ ಬಟ್ಟೆಯಲ್ಲ, ಹಗ್ಗ. ಮುಂಹಾಯಿಯ ಹಿಂದಿನ ಕೆಳಮೂಲೆಗೆ ಕ್ಲೂ ಎನ್ನುತ್ತೇವೆ. ಅಲ್ಲಿಗೆ ಕಟ್ಟಿದ ಶೀಟ್ ಡೆಕ್ ಮೇಲಿನ ಟ್ರ್ಯಾಕಿನಲ್ಲಿ ಹಿಂದೆ ಮುಂದೆ ಸರಿಯುವ ಕಾರ್ ಎಂಬ ಕೊಂಡಿಯ ಒಳಗೆ ತೂರಿ, ಹಗ್ಗ ಸುತ್ತಿ ಎಳೆಯುವ ವಿಂಚ್‌ಗೆ ಹೋಗುತ್ತದೆ. ಮಲ್ಪೆಯ ನನ್ನ ಅಜ್ಜನ ದೋಣಿಯಲ್ಲಿ ಕಾರೂ ಇರಲಿಲ್ಲ, ಟ್ರ್ಯಾಕೂ ಇರಲಿಲ್ಲ. ಹಗ್ಗ ಅವರ ಕೈಯಲ್ಲೇ ಇರುತ್ತಿತ್ತು, ಗಾಳಿ ತಿರುಗಿದರೆ ಅವರು ಕೂತ ಜಾಗ ಬದಲಿಸುತ್ತಿದ್ದರು. ಆ ಜಾಗ ಬದಲಿಸುವ ಕೆಲಸವನ್ನೇ ಈಗ ಕಾರ್ ಮಾಡುತ್ತದೆ.

ಕಾರ್ ಹಿಂದಕ್ಕೆ ಸರಿದಷ್ಟೂ ಶೀಟ್ ಹಾಯಿಯ ತಳದಂಚನ್ನು ಹೆಚ್ಚು ಎಳೆಯುತ್ತದೆ. ತಳ ಚಪ್ಪಟೆಯಾಗುತ್ತದೆ, ಹಿಂದಂಚು ಸಡಿಲವಾಗಿ ಹಾಯಿಯ ಮೇಲ್ಭಾಗ ಹೊರಕ್ಕೆ ತಿರುಚಿಕೊಳ್ಳುತ್ತದೆ. ಮುಂದಕ್ಕೆ ಸರಿಸಿದರೆ ಎಳೆತ ಕೆಳಮುಖವಾಗುತ್ತದೆ. ಆಗ ಹಿಂದಂಚು ಬಿಗಿಯಾಗುತ್ತದೆ, ತಳ ಹೊಟ್ಟೆ ಬಿಡುತ್ತದೆ. ಈ ಎರಡರ ನಡುವಿನ ಹದ ಹುಡುಕಲು ಹಳೆಯ ಲೆಕ್ಕವೊಂದಿದೆ: ಮುಂದಂಚಿನ ನಡುಬಿಂದುವಿನಿಂದ ಕ್ಲೂಗೆ ಎಳೆದ ಗೆರೆಯನ್ನು ಹಾಗೇ ಮುಂದುವರಿಸಿ, ಅದು ಡೆಕ್ ಮುಟ್ಟುವ ಜಾಗವೇ ಕಾರ್‌ನ ಜಾಗ. ನಾನು ಈ ಲೆಕ್ಕದಿಂದಲೇ ಶುರು ಮಾಡುತ್ತೇನೆ, ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ.

ಆ ದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಕಟ್ಟಿದ ಜಾಗದಲ್ಲೇ ಹಾಯಿ ಬಿಚ್ಚಿ, ಮುಂದಂಚಿನ ನಡುವಿನಿಂದ ತೆಳು ದಾರವೊಂದನ್ನು ಕ್ಲೂ ಮೇಲೆ ಹಾಯಿಸಿ ಡೆಕ್‌ವರೆಗೆ ಬಿಗಿಯಾಗಿ ಹಿಡಿದೆವು. ಅದು ಮುಟ್ಟಿದ್ದು ಹಳೆಯ ಟ್ರ್ಯಾಕಿನ ಮುಂತುದಿಗಿಂತಲೂ ಸುಮಾರು 40 ಸೆಂ.ಮೀ. ಮುಂದೆ. ಮಾಲೀಕರು ಏನೂ ಮಾತಾಡದೆ ಆ ಜಾಗಕ್ಕೆ ನೀಲಿ ಟೇಪ್ ಅಂಟಿಸಿದರು. ಅಲ್ಲೊಂದು ಸ್ನ್ಯಾಚ್ ಬ್ಲಾಕನ್ನು (ಪಕ್ಕ ತೆರೆದು ಹಗ್ಗ ಹಾಕಬಹುದಾದ ರಾಟೆ) ಹಗ್ಗದಲ್ಲೇ ಕಟ್ಟಿ, ಮಧ್ಯಾಹ್ನ ಗಾಳಿ ಬಂದ ಮೇಲೆ ಸೋಲೆಂಟ್ ಜಲಸಂಧಿಗೆ ಇಳಿದೆವು.

ನೀರಿನ ಮೇಲೆ ತೀರ್ಪು ಕೊಡುವುದು ಟೆಲ್‌ಟೇಲ್‌ಗಳು. ಮುಂದಂಚಿನ ಹಿಂದೆ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಜೊತೆ ಉಣ್ಣೆಯ ಎಳೆಗಳು. ಶೀಟ್ ಬಿಗಿದು, ದೋಣಿಯನ್ನು ನಿಧಾನವಾಗಿ ಗಾಳಿಗೆ ಎದುರಾಗಿ ತಿರುಗಿಸುತ್ತಾ ಹೋಗಿ. ಗಾಳಿ ಬರುವ ಕಡೆಯ ಮೂರೂ ಎಳೆಗಳು ಒಟ್ಟಿಗೆ ಮೇಲೆದ್ದು ಕುಣಿದರೆ ಜಾಗ ಸರಿ ಇದೆ. ಮೇಲಿನದು ಮೊದಲು ಎದ್ದರೆ ಕಾರ್ ಹಿಂದಿದೆ, ಮುಂದಕ್ಕೆ ತನ್ನಿ. ಕೆಳಗಿನದು ಮೊದಲು ಎದ್ದರೆ ಹಿಂದಕ್ಕೆ ಒಯ್ಯಿರಿ. ನಮಗೆ ಮೇಲಿನದು ಚೂರು ಮೊದಲು ಎದ್ದಿತು. ಬ್ಲಾಕನ್ನು ಒಂದು ಗೇಣು ಮುಂದೆ ಕಟ್ಟಿದೆವು, ಮೂರೂ ಒಟ್ಟಿಗೆ ಎದ್ದವು. ಎರಡನೆಯ ಟೇಪ್ ಬಿತ್ತು.

ಆಮೇಲೆ ಹಾಯಿಯನ್ನು ಕಾಲುಭಾಗ ಸುತ್ತಿದೆವು. ಇದನ್ನು ಪರೀಕ್ಷಿಸದೆ ಟ್ರ್ಯಾಕ್ ಕೂರಿಸುವವರೇ ಹೆಚ್ಚು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸುತ್ತಿದ ಹಾಯಿಯ ಕ್ಲೂ ಮುಂದಕ್ಕೂ ಮೇಲಕ್ಕೂ ಸರಿಯುತ್ತದೆ. ಕಾರ್ ಹಳೆಯ ಜಾಗದಲ್ಲೇ ಉಳಿದರೆ ತಳ ಹಲಗೆಯಂತೆ ಬಿಗಿದು, ಹಿಂದಂಚು ಪಟಪಟ ಬಡಿದುಕೊಳ್ಳುತ್ತದೆ. ಹಾಗೆ ಬಡಿದುಕೊಂಡ ಹಾಯಿಯ ಹೊಲಿಗೆ ಒಂದೆರಡು ಋತುಗಳಲ್ಲೇ ಬಿಚ್ಚಿಕೊಳ್ಳುವುದನ್ನು ಕಂಡಿದ್ದೇನೆ. ಗಾಳಿ ಜೋರಾಗಿ ಹಾಯಿ ಸುತ್ತುವ ಹೊತ್ತಿನಲ್ಲೇ ಕಾರ್ ಮುಂದಕ್ಕೆ ಬೇಕು. ಅಷ್ಟು ಜಾಗ ಟ್ರ್ಯಾಕಿನಲ್ಲಿ ಇರಲೇಬೇಕು. ಪೂರ್ತಿ ಹಾಯಿ ಬಿಟ್ಟುಕೊಂಡೇ ಗಾಳಿ ತುಸು ಏರಿದಾಗ ಮಾತ್ರ ಕಾರನ್ನು ಟ್ರ್ಯಾಕಿನ ಒಂದೆರಡು ತೂತು ಹಿಂದಕ್ಕೆ ಒಯ್ದು ಮೇಲ್ಭಾಗದ ಗಾಳಿ ಸೋರಿಹೋಗಲು ಬಿಡಬಹುದು, ದೋಣಿಯ ವಾಲಿಕೆ ಇಳಿಯುತ್ತದೆ. ಹೀಗೆ ಮುಂದಿನ ತುದಿಗೊಂದು, ಹಿಂದಿನ ತುದಿಗೊಂದು ಟೇಪ್ ಬಿದ್ದ ಮೇಲೆ ಟ್ರ್ಯಾಕ್ ಎಷ್ಟು ಉದ್ದ ಬೇಕೆಂದು ಗೊತ್ತಾಯಿತು.

ಒಳಗೆ ಹೊರಗೆ ಎಷ್ಟು ದೂರ ಅನ್ನುವುದು ಇನ್ನೊಂದು ಪ್ರಶ್ನೆ. ಹಾಯಿಯ ಮುಂದಿನ ಕೆಳಮೂಲೆಯಿಂದ ದೋಣಿಯ ನಡುಗೆರೆಯಗುಂಟ 3.4 ಮೀಟರ್ ಹಿಂದೆ, ಆ ಗೆರೆಯಿಂದ 60 ಸೆಂ.ಮೀ. ಹೊರಗೆ ಕಾರ್ ಇದ್ದರೆ, ಆ ಮೂಲೆಯಿಂದ ಕಾರ್‌ಗೆ ಎಳೆದ ಗೆರೆ ನಡುಗೆರೆಯೊಂದಿಗೆ ಮಾಡುವ ಕೋನ 10 ಡಿಗ್ರಿ. 72 ಸೆಂ.ಮೀ. ಇದ್ದರೆ 12, 91 ಇದ್ದರೆ 15. ರೇಸ್ ದೋಣಿಗಳು 10ಕ್ಕಿಂತ ಕೆಳಗೆ ಇಳಿಯಲು ಹೆಣಗುತ್ತವೆ. ಮನೆಮಂದಿಯನ್ನು ಕೂರಿಸಿಕೊಂಡು ಸುತ್ತುವ ದೋಣಿಗೆ 12ರಿಂದ 14 ಧಾರಾಳ ಸಾಕು. ಅದಕ್ಕಿಂತ ಒಳಗೆ ಎಳೆದರೆ ಅಲೆಗಳಲ್ಲಿ ದೋಣಿ ಮುಗ್ಗರಿಸುತ್ತದೆ. ಕೂವೆಮರವನ್ನು ಪಕ್ಕದಿಂದ ಹಿಡಿದಿಡುವ ಶ್ರೌಡ್ ತಂತಿಗಳು ಅಂಚಿನಲ್ಲೇ ಇರುವ ದೋಣಿಯಲ್ಲಿ, ಅವುಗಳ ಹೊರಗಿಂದ ಬರುವ ಹಾಯಿ ಒಂದು ಮಿತಿಗಿಂತ ಒಳಗೆ ಬರುವುದೂ ಇಲ್ಲ.

ಕಾರ್‌ನಿಂದ ಹಿಂದಕ್ಕೆ ಬಂದ ಶೀಟ್ ವಿಂಚ್ ಡ್ರಮ್ಮಿಗೆ ತುಸು ಕೆಳಗಿನಿಂದ ಏರಿ ಬರಬೇಕು, ಐದಾರು ಡಿಗ್ರಿ ಸಾಕು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನೊಂದು ಟರ್ನಿಂಗ್ ಬ್ಲಾಕನ್ನು (ಶೀಟಿನ ದಿಕ್ಕು ತಿರುಗಿಸುವ ರಾಟೆ) ಎತ್ತರದಲ್ಲಿ ಕೂರಿಸಿಬಿಟ್ಟಿದ್ದೆ. ರಭಸದ ಗಾಳಿಯಲ್ಲಿ ಹೊಸ ಸುತ್ತು ಹಳೆಯ ಸುತ್ತಿನ ಮೇಲೆ ಹತ್ತಿ ಕಚ್ಚಿಕೊಂಡಿತು. ಶೀಟ್ ಎಳೆಯಲೂ ಬಾರದು, ಬಿಡಲೂ ಬಾರದು, ದೋಣಿಯನ್ನು ತಿರುಗಿಸುವಂತೆಯೂ ಇಲ್ಲ. ಇನ್ನೊಂದು ಹಗ್ಗವನ್ನು ರೋಲಿಂಗ್ ಹಿಚ್ ಗಂಟಿನಿಂದ ಶೀಟಿಗೆ ಬಿಗಿದು, ಆಚೆಯ ವಿಂಚ್‌ನಿಂದ ಭಾರ ಎಳೆದುಕೊಂಡ ಮೇಲೆ ಅದು ಬಿಟ್ಟಿತು. ದಡ ಹತ್ತಿರವಿತ್ತು. ಅಂದಿನಿಂದ ಬ್ಲಾಕ್ ಕೂರಿಸುವ ಮುಂಚೆ ಬಗ್ಗಿ, ಡ್ರಮ್ಮಿನ ಮಟ್ಟಕ್ಕೆ ಕಣ್ಣಿಟ್ಟು ನೋಡುತ್ತೇನೆ.

ಭಾರದ ಅಂದಾಜೂ ಇರಲಿ. ಹಾಯಿಯ ಚದರ ಮೀಟರನ್ನು ಗಾಳಿಯ ನಾಟ್ ವೇಗದ ವರ್ಗದಿಂದ ಗುಣಿಸಿ, ಅದನ್ನು 0.021ರಿಂದ ಗುಣಿಸಿದರೆ ಶೀಟಿನ ಎಳೆತ ಸುಮಾರಾಗಿ ಕಿಲೋದಲ್ಲಿ ಸಿಗುತ್ತದೆ. 20 ಚದರ ಮೀಟರ್, 20 ನಾಟ್ ಗಾಳಿಗೆ 168 ಕಿಲೋ. ಗಾಳಿ 25 ನಾಟ್ ಆದರೆ 262. ಶೀಟನ್ನು ಪೂರ್ತಿ ಹಿಂದಕ್ಕೆ ತಿರುಗಿಸುವ ಬ್ಲಾಕ್ ಇದರ ಎರಡರಷ್ಟು ಹೊರುತ್ತದೆ. ಕಾರ್ ಮೇಲಿನ ಎಳೆತವಂತೂ ಬಹುಪಾಲು ಮೇಲ್ಮುಖ, ಟ್ರ್ಯಾಕನ್ನೇ ಡೆಕ್ಕಿನಿಂದ ಕೀಳುವಂಥದ್ದು. ಸ್ಕ್ರೂ ಇಲ್ಲಿ ಬೇಡವೇ ಬೇಡ. ಬೋಲ್ಟು ಆರಪಾರ ಹೋಗಬೇಕು, ಕೆಳಗೆ ಭಾರ ಹಂಚುವ ಬ್ಯಾಕಿಂಗ್ ಪ್ಲೇಟ್ ಇರಬೇಕು.

ಡ್ರಿಲ್ ಕೈಗೆತ್ತಿಕೊಂಡದ್ದು ಎರಡನೆಯ ದಿನ, ಒಳಗಿನ ಸೀಲಿಂಗ್ ಬಿಚ್ಚಿ ಕೆಳಗೆ ಏನಿದೆ ಎಂದು ನೋಡಿದ ಮೇಲೆ. ಡೆಕ್ಕಿನ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಇದ್ದರೆ, ಒಂದೇ ಒಂದು ಸೋರುವ ತೂತು ಅದನ್ನು ಕೊಳೆಸುತ್ತದೆ. 6 ಮಿ.ಮೀ. ಬೋಲ್ಟಿಗೆ ಮೊದಲು 12 ಮಿ.ಮೀ. ತೂತು ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ 6 ಮಿ.ಮೀ. ಕೊರೆಯುತ್ತೇನೆ. ತೂತಿನ ಬಾಯಿಯನ್ನು ತುಸು ಇಳಿಜಾರು ಮಾಡಿದರೆ ನೀರು ಸೋರದಂತೆ ತಡೆಯುವ ಮೆತ್ತನೆಯ ಬ್ಯುಟೈಲ್ ಟೇಪ್ ಅಲ್ಲಿ ಬಳೆಯಂತೆ ಕೂರುತ್ತದೆ. ಬಿಗಿಯುವಾಗ ಬೋಲ್ಟು ತಿರುಗಬಾರದು, ಕೆಳಗಿನ ನಟ್ಟು ಮಾತ್ರ ತಿರುಗಬೇಕು. ಬೋಲ್ಟು ತಿರುಗಿದರೆ ಬ್ಯುಟೈಲ್ ಹರಿಯುತ್ತದೆ. ಮೇಲೊಬ್ಬರು ಸ್ಕ್ರೂಡ್ರೈವರ್ ಒತ್ತಿ ಹಿಡಿಯಬೇಕು, ಆ ಕೆಲಸ ಮಾಲೀಕರೇ ಮಾಡಿದರು. ಹಳೆಯ ಟ್ರ್ಯಾಕಿನ ತೂತುಗಳನ್ನೂ ಅದೇ ಎಪಾಕ್ಸಿಯಿಂದ ಮುಚ್ಚಿದೆವು. ಒಂದು ವಾರ ಬಿಟ್ಟು ಬ್ಯುಟೈಲ್ ಚೆನ್ನಾಗಿ ಕೂತ ಮೇಲೆ ನಟ್ಟುಗಳನ್ನು ಮತ್ತೆ ಕಾಲು ಸುತ್ತು ಬಿಗಿದು, ಪೂರ್ತಿ ಹಾಯಿಗೆ ಮತ್ತು ಸುತ್ತಿದ ಹಾಯಿಗೆ ಕಾರ್ ನಿಲ್ಲಬೇಕಾದ ತೂತುಗಳ ಪಕ್ಕ ಬಣ್ಣದ ಚುಕ್ಕಿ ಇಟ್ಟು ಬಂದೆ.