ಬಲಿ ಕೊಟ್ಟ ಬಾವಿಯಲ್ಲಿ ಮಕ್ಕಳನ್ನು ಈಜಲು ಬಿಡಬಹುದಾ?

ಪ್ರಶ್ನೆ: ರಜೆಗೆ ಡಲ್ಲಾಸ್‌ನಿಂದ ಮೆಕ್ಸಿಕೋದ ಕಾನ್ಕುನ್‌ಗೆ ಹೊರಟಿದ್ದೇವೆ. ಒಂದೇ ದಿನದಲ್ಲಿ ಮಾಯಾ ಎಂಬ ಮೂಲನಿವಾಸಿ ಜನರ ಪುರಾತನ ನಗರ ಚಿಚೆನ್ ಇಟ್ಸಾ ನೋಡಿ, ಮಕ್ಕಳನ್ನು ಸೆನೋಟೆಗೂ (ನೀರು ತುಂಬಿದ ಸಹಜ ಬಾವಿ) ಕರೆದುಕೊಂಡು ಹೋಗಬಹುದಾ? ಅಲ್ಲಿ ನರಬಲಿ ಕೊಡುತ್ತಿದ್ದರಂತೆ, ನೀರಿಗಿಳಿಯೋದು ಬೇಡವೇ ಬೇಡ ಅಂತ ನಮ್ಮತ್ತೆ ಹಟ ಹಿಡಿದಿದ್ದಾರೆ.

ಉತ್ತರ: ಧಾರಾಳವಾಗಿ ಹೋಗಿ. ದೂರ ಸುಮಾರು 200 ಕಿ.ಮೀ., ಎರಡೂವರೆ ಗಂಟೆ ದಾರಿ. ಚಿಚೆನ್ ಇಟ್ಸಾ ಇರುವ ಯುಕತಾನ್ ರಾಜ್ಯದ ಗಡಿಯಾರ ಕಾನ್ಕುನ್‌ಗಿಂತ ಒಂದು ಗಂಟೆ ಹಿಂದೆ. ಆರೂವರೆಗೆ ಹೊರಟರೆ ಅಲ್ಲಿ ಬಾಗಿಲು ತೆರೆಯುವ ಎಂಟರ ಹೊತ್ತಿಗೆ ಮುಟ್ಟುತ್ತೀರಿ. ಬಿಸಿಲೇರುವ ಮೊದಲು ಪಿರಮಿಡ್ ನೋಡಿ ಮುಗಿಸಿ. ಹತ್ತಲು ಬಿಡುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ. ಮಧ್ಯಾಹ್ನ ನೀರಿಗೆ.

ಇನ್ನು ಬಲಿಯ ಮಾತು. ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ, ಅತ್ತೆಯವರಿಗೂ ಓದಿ ಹೇಳಿ.

ಚಿಚೆನ್ ಇಟ್ಸಾದಲ್ಲೇ ಎರಡು ದೊಡ್ಡ ಸೆನೋಟೆಗಳಿವೆ. ಉತ್ತರಕ್ಕಿರುವುದು ಪವಿತ್ರ ಸೆನೋಟೆ. ಸುಮಾರು 60 ಮೀಟರ್ ಅಗಲ, ಕಡಿದಾದ ಗೋಡೆ, ಹಸಿರು ನೀರು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಪುರಾತತ್ವ ಸಂಶೋಧಕ ಎಡ್ವರ್ಡ್ ಥಾಂಪ್ಸನ್ ಇದರ ಹೂಳೆತ್ತಿದಾಗ ಚಿನ್ನ, ಜೇಡ್ ಕಲ್ಲು, ಧೂಪದ ಉಂಡೆಗಳ ಜೊತೆ ಮನುಷ್ಯರ ಮೂಳೆಗಳೂ ಸಿಕ್ಕವು. ಹೌದು, ಬಲಿ ನಡೆದಿದೆ. ಆದರೆ ಇಲ್ಲಿ ಯಾರನ್ನೂ ಈಜಲು ಬಿಡುವುದಿಲ್ಲ, ದಡದಲ್ಲಿ ನಿಂತು ನೋಡಬೇಕು ಅಷ್ಟೇ. ಇನ್ನೊಂದರ ಹೆಸರು ಶ್ಟೊಲೋಕ್. ಆಗ ಊರಿಗೆಲ್ಲ ಕುಡಿಯುವ ನೀರು ಅಲ್ಲಿಂದ ಬರುತ್ತಿತ್ತು. ನಮ್ಮಲ್ಲೂ ದೇವಸ್ಥಾನದ ಪುಷ್ಕರಣಿಯೇ ಬೇರೆ, ಸೇದುವ ಬಾವಿಯೇ ಬೇರೆ ಅಲ್ವಾ?

ಯುಕತಾನ್‌ನಲ್ಲಿ ಸಾವಿರಾರು ಸೆನೋಟೆಗಳಿವೆ. ನೆಲವೆಲ್ಲ ಸುಣ್ಣದಕಲ್ಲು. ಮಳೆ ಸುರಿದರೆ ನೀರು ಸೀದಾ ಕೆಳಗಿಳಿಯುತ್ತದೆ, ಮೇಲೆ ಹೊಳೆಯಾಗಿ ಹರಿಯುವುದಿಲ್ಲ. ಆ ನೀರು ಕಲ್ಲನ್ನು ಕರಗಿಸಿ ಗುಹೆ ಮಾಡುತ್ತದೆ. ಗುಹೆಯ ಚಾವಣಿ ಕುಸಿದರೆ ಅದೇ ಸೆನೋಟೆ. ಈ ನೀರಿಲ್ಲದಿದ್ದರೆ ಮಾಯಾ ಜನಕ್ಕೆ ಬದುಕೇ ಇರಲಿಲ್ಲ. ಚಿಚೆನ್ ಇಟ್ಸಾ ಅಂದರೇನೇ ‘ಇಟ್ಸಾ ಜನರ ಬಾವಿಯ ಬಾಯಿ’. ಬೇರೆ ಕೆಲವು ಸೆನೋಟೆಗಳಲ್ಲೂ ಮೂಳೆ ಸಿಕ್ಕಿದೆ, ನಿಜ. ಹಾಗಂತ ಸಾವಿರಾರು ಜೀವಜಲದ ಬಾವಿಗಳನ್ನು ಬಲಿಬಾವಿ ಅನ್ನುವುದು ದೊಡ್ಡ ಅನ್ಯಾಯ.

‘ಕನ್ಯೆಯರನ್ನು ಎಸೆಯುತ್ತಿದ್ದರು’ ಅನ್ನುವ ಕಥೆಯೂ ನಿಲ್ಲುವುದಿಲ್ಲ. ಪವಿತ್ರ ಸೆನೋಟೆಯ ಮೂಳೆಗಳಲ್ಲಿ ಗಂಡಸರದ್ದೂ ಇವೆ, ಹೆಂಗಸರದ್ದೂ ಇವೆ, ಮಕ್ಕಳದ್ದೂ ಇವೆ. ಅದರ ಹತ್ತಿರವೇ ನೆಲದಡಿಯ ಒಂದು ತೊಟ್ಟಿಯಲ್ಲಿ 1967ರಲ್ಲಿ ನೂರಕ್ಕೂ ಜಾಸ್ತಿ ಮಕ್ಕಳ ಮೂಳೆಗಳು ಸಿಕ್ಕಿದ್ದವು. ಅವುಗಳಲ್ಲಿ 64 ಮಕ್ಕಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಅಷ್ಟೂ ಗಂಡುಮಕ್ಕಳು. ಓದಿದಾಗ ಕರುಳು ಚುರ್ ಅನ್ನುತ್ತದೆ. ಆದರೆ ನಡೆದದ್ದನ್ನು ನಡೆದ ಹಾಗೇ ತಿಳಿಯಬೇಕು, ಸುಮ್ನೆ ಕಟ್ಟಿದ ಕಥೆಯನ್ನಲ್ಲ.

ಈಜಲು ಹತ್ತಿರದ ಇಕ್ ಕಿಲ್ ಅನ್ನುವ ಸೆನೋಟೆಗೆ ಹೋಗಿ. ಕಲ್ಲಿನ ಮೆಟ್ಟಿಲು ಇಳಿದರೆ ನೆಲಮಟ್ಟದಿಂದ ಸುಮಾರು 26 ಮೀಟರ್ ಕೆಳಗೆ ನೀರು. ಮೇಲಿನಿಂದ ಮರದ ಬೇರುಗಳು ಹಗ್ಗದ ಹಾಗೆ ಜೋತುಬಿದ್ದಿರುತ್ತವೆ. ಕಾಲಿನ ಸುತ್ತ ಕಪ್ಪು ಮೀನುಗಳು ಸುಳಿಯುತ್ತವೆ, ಏನೂ ಮಾಡುವುದಿಲ್ಲ. ಆಳ ಜಾಸ್ತಿ, ಮಕ್ಕಳಿಗೆ ಲೈಫ್ ಜಾಕೆಟ್ ಬೇಕೇ ಬೇಕು. ಇಳಿಯುವ ಮೊದಲು ಸನ್‌ಸ್ಕ್ರೀನ್ ಹೋಗುವ ಹಾಗೆ ಸ್ನಾನ ಮಾಡಿ. ನೆಲದಡಿ ಹರಿಯುವ ಈ ನೀರೇ ಮುಂದಿನ ಊರಿನ ಬಾವಿಯ ನೀರು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ‘ಮಾಯಾ ಜನ ಮಾಯವಾದರು’ ಅಂತ ಮಕ್ಕಳಿಗೆ ಹೇಳಬೇಡಿ. ಅದೇ ಡಿಎನ್‌ಎ ಪರೀಕ್ಷೆ ಆ ಹುಡುಗರಿಗೂ ಇಂದು ಅದೇ ಸೀಮೆಯ ಹಳ್ಳಿಯಲ್ಲಿರುವ ಮಾಯಾ ಜನರಿಗೂ ಇರುವ ನಂಟನ್ನು ತೋರಿಸಿದೆ. ಯುಕತಾನ್‌ನ ಮಾಯಾ ಭಾಷೆಯನ್ನು ಇವತ್ತಿಗೂ 7 ಲಕ್ಷಕ್ಕೂ ಜಾಸ್ತಿ ಜನ ಆಡುತ್ತಾರೆ. ಸೆನೋಟೆ ಅನ್ನುವ ಮಾತೂ ಅವರದ್ದೇ. ಆ ಭಾಷೆ ಆಡುವವರು ಸಿಕ್ಕರೆ ಮಕ್ಕಳ ಕೈಲಿ ‘ಬಿಶ್ ಅ ಬೇಲ್’ ಅನ್ನಿಸಿ. ‘ಹೇಗಿದ್ದೀರಿ’ ಅಂತ ಅರ್ಥ, ಬಿಡಿಸಿ ಹೇಳಿದರೆ ‘ನಿಮ್ಮ ದಾರಿ ಹೇಗಿದೆ’. ‘ಮಾ-ಅಲೋಬ್’ ಅಂತ ಉತ್ತರ ಬರುತ್ತದೆ. ಚೆನ್ನಾಗಿದೆ ಅಂತ.